ಕೆರೆದಂಡೆಯಲ್ಲಿ ಒಂದು ದಿನದ ಸೂರು

ಅಮೆರಿಕದ ಕನ್ನಡ ಕೂಟಗಳು ಬೇಸಿಗೆಯ ಪಿಕ್‌ನಿಕ್ಕಿಗೆ ಕಳಿಸುವ ಆಹ್ವಾನಗಳಲ್ಲಿ ಎಂದೂ ತಪ್ಪದ ಒಂದು ಸಾಲು ಇರುತ್ತದೆ. ಮಕ್ಕಳಿಗೆ ಯಾವ ಆಟ, ಚಿತ್ರಾನ್ನ ಯಾರ ಮನೆಯಿಂದ, ಐಸ್ ತರುವವರು ಯಾರು ಎಂಬುದೆಲ್ಲ ವರ್ಷ ವರ್ಷ ಬದಲಾಗಬಹುದು. ಆ ಸಾಲು ಮಾತ್ರ ಇದ್ದೇ ಇರುತ್ತದೆ: ಕೆರೆಯ ಹೆಸರು, ದಂಡೆಯ ಪಾರ್ಕಿನ ಹೆಸರು, ಶೆಲ್ಟರಿನ ನಂಬರು. ಶೆಲ್ಟರ್ ಎಂದರೆ ನಾಲ್ಕಾರು ಕಂಬದ ಮೇಲೆ ಒಂದು ಮಾಡು, ಗೋಡೆ ಇಲ್ಲ, ಕೆಳಗೆ ಹತ್ತಾರು ಮೇಜು, ಬದಿಗೆ ಕೆಂಡದ ಒಲೆ, ಒಂದು ನಲ್ಲಿ. ತಿಂಗಳುಗಳ ಮುಂಚೆ ಹಣ ಕಟ್ಟಿ ಅರ್ಜಿ ಹಾಕಿದರೆ ಆ ಮಾಡು ಒಂದು ದಿನದ ಮಟ್ಟಿಗೆ ನಿಮ್ಮದು. ಆ ದಿನ ಬೆಳಿಗ್ಗೆ ಕಂಬಕ್ಕೆ ನಿಮ್ಮ ಗುಂಪಿನ ಹೆಸರಿನ ಚೀಟಿ ಅಂಟಿರುತ್ತದೆ. ಸಂಜೆ ಕಸ ಎತ್ತಿ ಹೊರಟಿರೋ, ನಿಮ್ಮ ಹಕ್ಕು ಮುಗಿಯಿತು.

ಅಂಥ ಒಂದು ಪಾರ್ಕಿನ ನಿಯಮಗಳ ಹಾಳೆ ಕನ್ನಡ ಮಾಡಿಕೊಡಲು ನನ್ನ ಕೈಗೆ ಬಂದಿತ್ತು. ಎರಡೇ ಪುಟ. ನಾಯಿಗೆ ಹಗ್ಗ ಇರಲಿ, ಗಾಜಿನ ಬಾಟಲಿ ಬೇಡ, ಧ್ವನಿವರ್ಧಕಕ್ಕೆ ಬೇರೆ ಅನುಮತಿ ಬೇಕು ಎಂಬಂಥ ಮಾತುಗಳು ಸಲೀಸಾಗಿ ಬಂದವು. ತೊಡಕಾಗಿದ್ದು ಮೊದಲ ಸಾಲಿನಲ್ಲೇ ಇದ್ದ 'ರಿಸರ್ವ್' ಎಂಬ ಮಾತು. ಕನ್ನಡದಲ್ಲಿ ಅದಕ್ಕೆ ಎರಡು ಮಾತುಗಳಿವೆ, ಎರಡೂ ಬೇರೆ ಬೇರೆ ಲೋಕದವು. ರೈಲಿನ ಸೀಟನ್ನು ಕಾಯ್ದಿರಿಸುತ್ತೇವೆ. ಕಾಡು, ಕ್ಷೇತ್ರ, ಹುದ್ದೆ ಇವು ಮೀಸಲು. ನಾನಿರುವ ನಾಗಪುರದ ಧರಮಪೇಠದಲ್ಲಿ ಈ ತಂಟೆ ಇಲ್ಲ. ಮರಾಠಿಯ 'ಆರಕ್ಷಣ' ರೈಲಿಗೂ ಆಗುತ್ತದೆ, ಹುದ್ದೆಗೂ ಆಗುತ್ತದೆ. ಸಿಟಿ ಬಸ್ಸಿನ ಹೆಂಗಸರ ಸೀಟಿನ ಮೇಲೆ 'ರಾಖೀವ್' ಎಂದಿರುತ್ತದೆ, ಕಾಡಿಗೂ ಅದೇ ಮಾತು. ರಾಖಣೆ ಎಂದರೆ ಕಾಯುವುದು. ನಮ್ಮ ಕಾಯ್ದಿರಿಸುವುದರಲ್ಲಿಯೂ ಇರುವುದು ಅದೇ ಕಾವಲು.

ಮೀಸಲು ಹಾಗಲ್ಲ, ಅದು ಬಹಳ ಹಳೆಯ ಮಾತು. 1894ರ ಕಿಟೆಲ್ ನಿಘಂಟು ತೆರೆದು ನೋಡಿದರೆ ಅಲ್ಲಿ ಕಚೇರಿಯ ವಾಸನೆಯೇ ಇಲ್ಲ. ದೇವರಿಗೆಂದು ಎತ್ತಿಟ್ಟದ್ದು, ಯಾರೂ ಬಳಸದ್ದು, ಯಾರೂ ಮುಟ್ಟದ್ದು, ಅದು ಮೀಸಲು. ಹರಕೆ ಹೊತ್ತವರ ಮನೆಯಲ್ಲಿ ಮೀಸಲು ಹಾಲು ಎಂದರೆ ದೇವರಿಗೆ ಕೊಡುವ ತನಕ ಮಗುವಿನ ನಾಲಿಗೆಗೂ ತಾಗಬಾರದ ಹಾಲು. ತಾಗಿದರೆ ಮೀಸಲು ಮುರಿಯಿತು. ಕಾಯ್ದಿರಿಸಿದ್ದು ಇನ್ನೊಬ್ಬರು ಬಳಸುವುದರಿಂದ ಕೆಡುವುದಿಲ್ಲ, ಅವರ ಸರದಿ ಮುಗಿದ ಮೇಲೆ ನಮ್ಮ ಸರದಿ, ಅಷ್ಟೆ. ಮೀಸಲು ಇನ್ನೊಬ್ಬರು ಮುಟ್ಟಿದರೆ ಕೆಡುತ್ತದೆ. ಕೆರೆದಂಡೆಯ ಚರಿತ್ರೆಯನ್ನು ಓದುವಾಗ ಈ ಎರಡು ಮಾತನ್ನೂ ಕೈಯಲ್ಲಿ ಹಿಡಿದುಕೊಂಡಿದ್ದರೆ ಒಳ್ಳೆಯದು.

ಊರ ಹೊರಗೆ ಗುಂಪಾಗಿ ಕೂತು ಉಣ್ಣುವುದನ್ನು ನಾವು ಇಂಗ್ಲಿಷರಿಂದ ಕಲಿಯಲಿಲ್ಲ. ಕಾರ್ತೀಕದಲ್ಲಿ ನೆಲ್ಲಿಮರದ ಕೆಳಗೆ ವನಭೋಜನ ಇದೆ. ಇಲ್ಲಿನ ಮರಾಠಿ ಮನೆಗಳಲ್ಲಿ ಅದನ್ನೇ ಆವಳಿ ಭೋಜನ ಅನ್ನುತ್ತಾರೆ; ಮರವೂ ಒಂದೇ, ತಿಂಗಳೂ ಒಂದೇ. ನಮ್ಮ ಬೀದರ, ಕಲಬುರಗಿ ಕಡೆಯ ದೊಡ್ಡ ಹೊರಗಿನ ಊಟ ಎಳ್ಳ ಅಮಾವಾಸ್ಯೆಯದು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಹತ್ತು ಕಾಳು ಹತ್ತು ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಗಡಿಗೆಯಲ್ಲಿ ಅಂಬಲಿ, ಎಲ್ಲ ಹೊತ್ತುಕೊಂಡು ಮನೆಮಂದಿ ಹೊಲಕ್ಕೆ ಹೋಗುತ್ತಾರೆ. ಗಡಿಯಾಚೆ ಲಾತೂರ, ಧಾರಾಶಿವ ಜಿಲ್ಲೆಗಳಲ್ಲಿಯೂ ಇದೇ ಹಬ್ಬ ಇದೆ, ಹೆಸರು 'ವೇಳ ಅಮಾವಾಸ್ಯಾ'. ಎಳ್ಳು ಮರಾಠಿಯ ಬಾಯಲ್ಲಿ ವೇಳೆಯಾಗಿದೆ! ಭಾಷಾಶಾಸ್ತ್ರ ಓದಿದವರಿಗೆ ಇಂಥದ್ದು ಸಿಕ್ಕರೆ ಹೋಳಿಗೆ ಸಿಕ್ಕಷ್ಟೇ ಖುಷಿ. ಅಲ್ಲಿ ಹೊಲದ ನಡುವೆ ಜೋಳದ ಕಣಕಿಯಿಂದ ಒಂದು ಪುಟ್ಟ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಒಂದು ದಿನಕ್ಕೆಂದು ಕಟ್ಟಿದ ಸೂರು, ಊಟ ಮುಗಿದ ಮೇಲೆ ದನದ ಮೇವು. ಆ ದಿನ ಹೊಲದ ದಾರಿಯಲ್ಲಿ ಹಾದುಹೋಗುವ ಅಪರಿಚಿತರನ್ನೂ ಕೂಗಿ ಕರೆದು ಉಣ್ಣಿಸುವುದು ವಾಡಿಕೆ.

ಇದಿಷ್ಟನ್ನೇ ಹೇಳಿ ನಿಲ್ಲಿಸಿದರೆ ಹಳೆಯ ಕಾಲ ಬಹಳ ಚೆಂದ ಕಾಣುತ್ತದೆ. ಅರ್ಜಿ ಇಲ್ಲ, ಶುಲ್ಕ ಇಲ್ಲ, ಚೀಟಿ ಇಲ್ಲ. ಆದರೆ ವನಭೋಜನದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರಬೇಕು, ಅಡಿಗೆ ಯಾರು ಮಾಡಬೇಕು, ನೀರು ಯಾರು ಸೇದಬೇಕು ಎಂಬುದಕ್ಕೆ ಚೀಟಿ ಬೇಕಿರಲಿಲ್ಲ, ಏಕೆಂದರೆ ಎಲ್ಲರಿಗೂ ಅದು ಹುಟ್ಟಿನಿಂದ ಬಾಯಿಪಾಠವಾಗಿತ್ತು. ಕೆರೆಯ ದಂಡೆ ಎಲ್ಲರದು ಎನ್ನುವ ಮಾತು ಶಾಸನಗಳ ಕೆರೆಗಳಿಗೂ ಪೂರ್ತಿ ಒಪ್ಪುವುದಿಲ್ಲ. ಕೆರೆ ಕಟ್ಟಿಸಿದವನಿಗೆ ಕಟ್ಟುಗೊಡಗೆ ಸಿಕ್ಕಿತು, ಕೆರೆಯನ್ನು ನೋಡಿಕೊಳ್ಳಲು ಬಿತ್ತುವಟ್ಟದ ಭೂಮಿ ಬಿಟ್ಟರು. ಮಣ್ಣು ಹೊತ್ತವರ ಮಕ್ಕಳು ಯಾವ ಮೆಟ್ಟಿಲಿಳಿದು ನೀರು ಮುಟ್ಟಬಹುದೆಂದು ತಿಳಿಯಬೇಕಾದರೆ ಕಲ್ಲನ್ನು ಬಿಟ್ಟು ಊರನ್ನು ಕೇಳಬೇಕು.

ಮಹಾಡದ ಚವದಾರ ಕೆರೆಯ ಕತೆ ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ, ಅದರ ಕಾಗದಪತ್ರದ ಭಾಗವನ್ನು ಮರೆಯುತ್ತೇವೆ. ಸಾರ್ವಜನಿಕ ಕೆರೆ, ಬಾವಿಗಳನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆಯಬೇಕೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲಿ ಗೊತ್ತುವಳಿ ಮಾಡಿತ್ತು. 1924ರಲ್ಲಿ ಮಹಾಡದ ಪುರಸಭೆ ಅದನ್ನು ಒಪ್ಪಿ ತನ್ನ ಕೆರೆಯನ್ನು ತೆರೆದಿದೆ ಎಂದು ಬರೆದುಕೊಂಡಿತು. ಅಂದರೆ 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಂದಿಗೆ ಹೋಗಿ ನೀರು ಕುಡಿದಾಗ ಅವರು ಮುರಿದದ್ದು ಯಾವ ಕಾನೂನನ್ನೂ ಅಲ್ಲ. ಮುರಿದದ್ದು ಮೀಸಲನ್ನು, ಆ ಹಳೆಯ ಅರ್ಥದ ಮೀಸಲನ್ನು. ಅದಕ್ಕೇ ಆಮೇಲೆ 108 ಕೊಡ ನೀರೆತ್ತಿ, ಪಂಚಗವ್ಯ ಹಾಕಿ, ಕೆರೆಯನ್ನು 'ಶುದ್ಧ' ಮಾಡಿದರು. ಮುಂಬಯಿ ಹೈಕೋರ್ಟು ಅಂತಿಮವಾಗಿ ದಲಿತರ ಪರ ತೀರ್ಪು ಕೊಟ್ಟಿದ್ದು 1937ರ ಮಾರ್ಚಿನಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇನ್ನು ಅಮೆರಿಕದ ಆ ಮಾಡುಗಳ ಕತೆ. ಇಂದು ಅಲ್ಲಿನ ಪಾರ್ಕುಗಳಲ್ಲಿ ಕಾಣುವ ಕಲ್ಲು, ಮರದ ದಿಮ್ಮಿಗಳ ಹಳೆಯ ಶೆಲ್ಟರುಗಳಲ್ಲಿ ಬಹಳಷ್ಟು 1930ರ ದಶಕದವು. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ಹುಡುಗರಿಗಾಗಿ ರೂಸ್ವೆಲ್ಟ್ ಸರಕಾರ 1933ರಲ್ಲಿ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಪಡೆ ಕಟ್ಟಿತು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ನೇರ ಮನೆಗೆ. 1942ರ ಹೊತ್ತಿಗೆ ಸುಮಾರು 30 ಲಕ್ಷ ಹುಡುಗರು ಆ ಪಡೆಯಲ್ಲಿ ದುಡಿದಿದ್ದರು. ಗಿಡ ನೆಟ್ಟರು, ರಸ್ತೆ ಹಾಕಿದರು, ಪಾರ್ಕು ಕಟ್ಟಿದರು. ಏನು ಹೇಗೆ ಕಟ್ಟಬೇಕೆಂದು ತೋರಿಸಲು ಆಲ್ಬರ್ಟ್ ಗುಡ್ ಎಂಬ ವಾಸ್ತುಶಿಲ್ಪಿ ರಾಷ್ಟ್ರೀಯ ಉದ್ಯಾನ ಸೇವೆಗಾಗಿ 1935ರಲ್ಲಿ ಒಂದು ಪುಸ್ತಕ ಸಿದ್ಧಪಡಿಸಿದ. 1938ರಲ್ಲಿ ಅದು ಮೂರು ಸಂಪುಟವಾಯಿತು. ಫಲಕ, ನೀರಿನ ಕಟ್ಟೆ, ಮೇಜು, ಒಲೆ, ಪಿಕ್‌ನಿಕ್ ಶೆಲ್ಟರ್, ಎಲ್ಲದರ ಚಿತ್ರವೂ ನಕ್ಷೆಯೂ ಅದರಲ್ಲಿವೆ. ಕಾಡಿನಲ್ಲಿ ಕಟ್ಟಡ ಎನ್ನುವುದೇ ಒಂದು ಅತಿಕ್ರಮಣ, ಉಪಯೋಗವೊಂದೇ ಅದಕ್ಕೆ ಸಮಜಾಯಿಷಿ, ಹಾಗಾಗಿ ಅದು ಆದಷ್ಟು ತಗ್ಗಿ ಬಗ್ಗಿ ನಿಲ್ಲಬೇಕು ಎನ್ನುವುದು ಗುಡ್‌ನ ನಿಲುವು. ನಮ್ಮ ಊರುಗಳ ಕೆರೆದಂಡೆಗೆ ಕಾಂಕ್ರೀಟು ಸುರಿಯುವವರು ಓದಬೇಕಾದ ಪುಸ್ತಕ.

ಆದರೆ ಆ ತಗ್ಗಿದ ಮಾಡುಗಳ ಕೆಳಗೆ ಎಲ್ಲರಿಗೂ ಜಾಗವಿರಲಿಲ್ಲ. ಕಟ್ಟಿದ ಪಡೆಯಲ್ಲೇ 1935ರಿಂದ ಕಪ್ಪು ಹುಡುಗರ ಶಿಬಿರ ಬೇರೆ, ಬಿಳಿ ಹುಡುಗರದ್ದು ಬೇರೆ. ದಕ್ಷಿಣದ ರಾಜ್ಯಗಳಲ್ಲಿ ಪಾರ್ಕುಗಳೂ ಹಾಗೆಯೇ. ನಾರ್ತ್ ಕ್ಯಾರೊಲೈನಾದಲ್ಲಿ ಕಪ್ಪುಜನಕ್ಕೆಂದು ಮೊದಲ ರಾಜ್ಯ ಉದ್ಯಾನ ತೆರೆದದ್ದು 1939ರ ಬೇಸಿಗೆಯಲ್ಲಿ, ಜೋನ್ಸ್ ಲೇಕ್ ಎಂಬ ಕೆರೆಯ ದಂಡೆಯಲ್ಲಿ. ಪಕ್ಕದ ಸೌತ್ ಕ್ಯಾರೊಲೈನಾದ ಕತೆ ಇನ್ನೂ ವಿಚಿತ್ರ. ಪಾರ್ಕುಗಳನ್ನು ಎಲ್ಲರಿಗೂ ತೆರೆಯಿರಿ ಎಂದು 1963ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ರಾಜ್ಯ ಏನು ಮಾಡಿತು? ಇದ್ದಬದ್ದ ಎಲ್ಲ ರಾಜ್ಯ ಉದ್ಯಾನಗಳಿಗೂ ಬೀಗ ಹಾಕಿತು. ಮರುವರ್ಷ ಅರ್ಧಂಬರ್ಧ ತೆರೆಯಿತು. ಒಳಗೆ ಬರಬಹುದು, ನೀರಿಗಿಳಿಯುವಂತಿಲ್ಲ. ಪೂರ್ತಿ ತೆರೆದದ್ದು 1966ರಲ್ಲಿ. ಹಂಚಿಕೊಂಡು ಈಜುವುದಕ್ಕಿಂತ ಯಾರೂ ಈಜದಿರುವುದೇ ಲೇಸು ಎಂದು ಒಂದು ಸರಕಾರ ಮೂರು ವರ್ಷ ಹಟ ಹಿಡಿದಿತ್ತು. ಇದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಮಹಾಡದ ಆ 108 ಕೊಡಗಳು.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ. 1965ರಲ್ಲಿ ವಲಸೆ ಕಾಯಿದೆ ತಿದ್ದುಪಡಿಯಾಗಿ ಏಷ್ಯಾದವರಿಗೆ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ನಮ್ಮ ಡಾಕ್ಟರುಗಳು, ಎಂಜಿನಿಯರುಗಳು ಹೋದರು. 1970ರ ದಶಕದ ಆರಂಭದಲ್ಲಿ ಊರೂರಿಗೆ ಕನ್ನಡ ಕೂಟಗಳು ಹುಟ್ಟಿದವು. ಉತ್ತರ ಕ್ಯಾಲಿಫೋರ್ನಿಯಾದ್ದು 1973ರದು. ಸ್ವಂತ ಭವನ ಕಟ್ಟಿಸಲು ಹಣವಿಲ್ಲದ ಕೂಟಗಳಿಗೆ ಬೇಸಿಗೆಯಲ್ಲಿ ಒಟ್ಟಾಗಿ ಕೂರಲು ಸಿಕ್ಕ ಅಗ್ಗದ ಜಾಗವೆಂದರೆ ಪಾರ್ಕಿನ ಮಾಡು. ಅರ್ಜಿಯ ಕಿಟಕಿಯಲ್ಲಿ ಕೂತವರು ಅವರ ಬಣ್ಣ ಕೇಳದೆ ರಸೀತಿ ಹರಿದುಕೊಟ್ಟರು. ಹತ್ತು ವರ್ಷ ಮುಂಚೆ ಹೋಗಿದ್ದರೆ ದಕ್ಷಿಣದ ಕೆಲವು ರಾಜ್ಯಗಳಲ್ಲಿ ಆ ಕಿಟಕಿ ಬೇರೆಯದೇ ಆಗಿರುತ್ತಿತ್ತು. ಶೆಲ್ಟರ್ ನಂಬರ್ ಮೂರರಲ್ಲಿ ಬಿಸಿಬೇಳೆ ಭಾತಿಗೆ ಸಾಲು ನಿಲ್ಲುವಾಗ ಯಾರಿಗೂ ಇದು ನೆನಪಾಗಬೇಕಿಲ್ಲ. ಆದರೆ ಕೂಟಗಳ ನೆನಪಿನ ಸಂಚಿಕೆಗಳಲ್ಲಾದರೂ ಒಂದು ಪುಟ ಇದಕ್ಕೆ ಸಲ್ಲಬೇಕು ಅನ್ನಿಸುತ್ತದೆ. ನಮ್ಮ ಚಪ್ಪರದ ಕಂಬಗಳನ್ನು ಮೊದಲು ನೆಟ್ಟವರು ನಾವಲ್ಲ.

ಕೆರೆದಂಡೆ 'ವಿಹಾರ ತಾಣ' ಆಗುವುದು ಯಾವಾಗ ಎಂಬುದೂ ಯೋಚಿಸಬೇಕಾದ ವಿಷಯ. ಅಮೆರಿಕದ ಇಂಥ 'ಕೆರೆ'ಗಳಲ್ಲಿ ಎಷ್ಟೋ ನಿಜಕ್ಕೂ ಅಣೆಕಟ್ಟಿನ ಹಿನ್ನೀರು. ಪ್ರವಾಹ ತಡೆಗೆ ಕಟ್ಟಿದ ಜಲಾಶಯಗಳ ದಂಡೆಯಲ್ಲಿ ವಿಹಾರಕ್ಕೆ ಅನುಕೂಲ ಮಾಡುವ ಅಧಿಕಾರವನ್ನು ಸೇನೆಯ ಎಂಜಿನಿಯರುಗಳಿಗೆ ಕೊಟ್ಟಿದ್ದು 1944ರ ಪ್ರವಾಹ ನಿಯಂತ್ರಣ ಕಾಯಿದೆ. ನೀರಿಗೆ ಬೇರೆ ಕೆಲಸ ಇತ್ತು. ನೋಟ ಆಮೇಲೆ ಬಂತು. ನಮ್ಮಲ್ಲಿ ಇನ್ನೊಂದು ಬಗೆ: ಕೆರೆಯಿಂದ ಕೆಲಸ ಹೋದ ಮೇಲೆ ಅದು ಚೆಂದ ಕಾಣತೊಡಗುತ್ತದೆ.

ಧರಮಪೇಠದಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಅಂಬಾಝರಿ. ನಾಗಪುರದ ಕೆರೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ನಾಗ ನದಿ ಹೊರಡುವುದು ಇಲ್ಲಿಂದ. ಇದನ್ನು 1870ರಲ್ಲಿ ಭೋಸಲೆ ಆಳ್ವಿಕೆಯಲ್ಲಿ ಕಟ್ಟಿದರು ಎಂಬ ವಾಕ್ಯವನ್ನು ಪ್ರವಾಸಿ ಕೈಪಿಡಿಗಳು ಒಂದರಿಂದೊಂದು ನಕಲು ಮಾಡುತ್ತಲೇ ಇವೆ. ಅದು ಸಾಧ್ಯವಿಲ್ಲ. ಮೂರನೆಯ ರಘೋಜಿ ವಾರಸುದಾರರಿಲ್ಲದೆ ತೀರಿಕೊಂಡ ಮೇಲೆ ಡಾಲ್‌ಹೌಸಿ 1854ರಲ್ಲೇ ನಾಗಪುರವನ್ನು ನುಂಗಿಯಾಗಿತ್ತು. 1870ರ ಸುಮಾರಿನದೆಂದರೆ ಬ್ರಿಟಿಷರ ಕಾಲದ್ದು; ಭೋಸಲೆಯವರ ಹೆಸರಿಗೂ ಆ ಇಸವಿಗೂ ಗಂಟು ಹಾಕಿದವರು ಲೆಕ್ಕ ಹಾಕಿ ನೋಡಲಿಲ್ಲ. ಇಸವಿ ಏನೇ ಇರಲಿ, ಕೆರೆಯ ಕೆಲಸ ಊರಿಗೆ ನೀರು ಕೊಡುವುದಾಗಿತ್ತು. ಈಗ ನಾಗಪುರ ಕುಡಿಯುವುದು ಕನ್ಹಾನ್, ಪೇಂಚ್ ನದಿಗಳ ನೀರು. ಅಂಬಾಝರಿಯ ದಂಡೆಯಲ್ಲಿ 1958ರಲ್ಲಿ ಉದ್ಯಾನವಾಯಿತು, ಆಟಿಕೆ ಬಂದವು, ದೋಣಿ ಬಂತು. ಕೊಡ ಹೊತ್ತವರ ಜಾಗದಲ್ಲಿ ಟಿಕೀಟು ಕೊಂಡವರು ನಿಂತರು.

ಕೆರೆ ಮಾತ್ರ ತನಗೆ ಕೆಲಸವಿಲ್ಲ ಎಂದು ಒಪ್ಪಿಕೊಂಡಂತಿಲ್ಲ. 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಕೆಲವೇ ಗಂಟೆಗಳಲ್ಲಿ ನೂರು ಮಿಲಿಮೀಟರಿಗೂ ಮೀರಿ ಮಳೆ ಸುರಿದು, ಅಂಬಾಝರಿ ಕೋಡಿ ಹರಿದು, ನಾಗ ನದಿ ಉಕ್ಕಿ, ಕೆಳಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಜನ ಸತ್ತರು. ಕೋಡಿಯ ಎದುರಿಗೆ, ನದಿಯ ಅಕ್ಕಪಕ್ಕ ಏನೇನು ಕಟ್ಟಿದ್ದೇವೆ ಎಂದು ಊರು ಅಂದು ಎಣಿಸಿ ನೋಡಿತು.

ಈಗ ಮೊದಲಿನ ಎರಡು ಮಾತುಗಳಿಗೆ ಬರೋಣ. ಶೆಲ್ಟರನ್ನು ನಾಲ್ಕು ತಾಸಿಗೆ ಗುಂಪೊಂದಕ್ಕೆ ಕೊಡುವುದು ನನ್ನ ದೃಷ್ಟಿಯಲ್ಲಿ ಸಾಲ. ಯಾರು ಬೇಕಾದರೂ ಕೇಳಬಹುದು, ದರ ಎಲ್ಲರಿಗೂ ಗೊತ್ತು, ಮುಗಿಯುವ ಹೊತ್ತು ಚೀಟಿಯಲ್ಲೇ ಇದೆ. ಬಸ್ಸಿನ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುವ ನಮ್ಮ ಪದ್ಧತಿಗಿಂತ ಇದು ಎಷ್ಟೋ ಮೇಲು. ಅಲ್ಲಿ ಗೆಲ್ಲುವುದು ಉದ್ದ ಕೈ. ಆದರೆ ಇದೇ ಮಾತನ್ನು ಎಳೆದು ಎಳೆದು ಹದಿನೈದು ವರ್ಷ ಮಾಡಿದರೆ? ಬೆಂಗಳೂರಿನಲ್ಲಿ ಆದದ್ದು ಅದು. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ 2004ರಿಂದಾಚೆಗೆ ಹೆಬ್ಬಾಳ, ನಾಗವಾರ, ಅಗರ, ವೆಂಗಯ್ಯನ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡಲು ಹೊರಟಿತು. ಹೂಳೆತ್ತಿ, ದೋಣಿ ಬಿಟ್ಟು, ಹೋಟೆಲು ಇಟ್ಟು, ಟಿಕೀಟು ಮಾರಿ ನಡೆಸಿಕೊಳ್ಳಿ ಎನ್ನುವುದು ಯೋಜನೆ. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ದನಕ್ಕೆ ಹುಲ್ಲು ಕೊಯ್ಯುವವರು ಬೇಲಿಯ ಹೊರಗೆ ಉಳಿಯುವಂತಾಯಿತು. 2008ರಲ್ಲಿ ವಿಷಯ ಹೈಕೋರ್ಟಿಗೆ ಹೋಯಿತು, ಹೊಸ ಗುತ್ತಿಗೆಗೆ ತಡೆ ಬಿತ್ತು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿಯ ವರದಿ ಬಂತು, 2012ರ ಏಪ್ರಿಲ್‌ನಲ್ಲಿ ಕೆರೆಗಳ ರಕ್ಷಣೆಗೆ ಆದೇಶವಾಯಿತು.

ಅಂಬಾಝರಿಯಲ್ಲಿಯೂ ಹೀಗೇ ಆಯಿತು, ಗಾಯ ಇನ್ನೂ ಆಳ. ಉದ್ಯಾನದ ಜಾಗದಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರ್ ಸಾಂಸ್ಕೃತಿಕ ಭವನ ಇತ್ತು. ಮೂರ್ನಾಲ್ಕು ಕಿಲೋಮೀಟರಿನಾಚೆ ದೀಕ್ಷಾಭೂಮಿ; 1956ರ ಅಕ್ಟೋಬರ್ 14ರಂದು ಲಕ್ಷಾಂತರ ಜನ ಬೌದ್ಧರಾದ ನೆಲ. ಈ ಊರಿನಲ್ಲಿ ಆ ಹೆಸರಿನ ಒಂದು ಸಭಾಂಗಣ ಬರೀ ಕಟ್ಟಡವಲ್ಲ. ಉದ್ಯಾನವನ್ನು ಮನರಂಜನಾ ಪಾರ್ಕಾಗಿ ಬೆಳೆಸಲು ಖಾಸಗಿಯವರಿಗೆ ಒಪ್ಪಿಸಿದ ಮೇಲೆ 2021ರಲ್ಲಿ ಆ ಭವನವನ್ನು ಕೆಡವಲಾಯಿತು. ಅದನ್ನು ಅಲ್ಲೇ ಮತ್ತೆ ಕಟ್ಟಿಕೊಡಿ ಎಂದು ಹೆಂಗಸರು ತಿಂಗಳುಗಟ್ಟಲೆ ಧರಣಿ ಕೂತರು. ಕೆರೆಯ ದಂಡೆಯಲ್ಲಿ ಬಡವರ ಗುಂಪೊಂದು ಕೂತು ಮಾತಾಡಲು ಇದ್ದ ಮಾಡು ಹೋಗಿ ಹಣ ಕೊಟ್ಟು ಆಡುವ ಜಾಗ ಬರುವುದೆಂದರೆ, ಮೀಸಲು ಹಾಲಿನ ಹಳೆಯ ಲೆಕ್ಕ ಹೊಸ ಟಿಕೀಟಿನ ರೂಪದಲ್ಲಿ ಬಂದಂತೆ ಅವರಿಗೆ ಕಂಡಿದ್ದರೆ ತಪ್ಪೇನು?

ಇಂಥ ವ್ಯಾಜ್ಯಗಳಲ್ಲಿ ನಮ್ಮ ನ್ಯಾಯಾಲಯಗಳು ಹಿಡಿಯುವ ಸಾರ್ವಜನಿಕ ನ್ಯಾಸದ ತತ್ವ ಹುಟ್ಟಿ ಬೆಳೆದದ್ದರಲ್ಲೂ ಒಂದು ಕೆರೆದಂಡೆ ಇದೆ. ಇಲಿನಾಯ್ ರಾಜ್ಯ 1869ರಲ್ಲಿ ಶಿಕಾಗೋದ ಮುಂದಿನ ಮಿಶಿಗನ್ ಸರೋವರದ ತಳವನ್ನು ಒಂದು ರೈಲ್ವೆ ಕಂಪೆನಿಗೆ ಬರೆದುಕೊಟ್ಟಿತು, 1873ರಲ್ಲಿ ಹಿಂತೆಗೆದುಕೊಂಡಿತು. ಕಂಪೆನಿ ಕೋರ್ಟಿಗೆ ಹೋಯಿತು. ಇದು ಜನರ ಪರವಾಗಿ ಸರಕಾರ ಇಟ್ಟುಕೊಂಡ ಸೊತ್ತು, ಹೀಗೆ ಪರಭಾರೆ ಮಾಡುವಂತಿಲ್ಲ ಎಂದು 1892ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. 1996ರಲ್ಲಿ ಬಿಯಾಸ್ ನದಿಯ ದಂಡೆಯ ರೆಸಾರ್ಟೊಂದರ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಈ ತತ್ವವನ್ನು ಭಾರತದ ಕಾನೂನಿನ ಭಾಗ ಎಂದಿತು. ಅಲ್ಲಿಂದ ಅದು ಧರಮಪೇಠದ ಇನ್ನೊಂದು ಮಗ್ಗುಲಿನ ಫುಟಾಳಾ ಕೆರೆಗೆ ಬಂತು. ಇದು 1799ರ ಭೋಸಲೆ ಕೆರೆ, ಇದರ ಇಸವಿಯಲ್ಲಿ ಜಗಳವಿಲ್ಲ. ಕೆರೆಯೊಳಗೆ ಸಂಗೀತ ಕಾರಂಜಿ, ದಂಡೆಯಲ್ಲಿ ಪ್ರೇಕ್ಷಕರ ಗ್ಯಾಲರಿ ಬಂದಾಗ ಪರಿಸರವಾದಿಗಳು ಕೋರ್ಟಿಗೆ ಹೋದರು. 2025ರ ಅಕ್ಟೋಬರಿನಲ್ಲಿ ಬಂದ ತೀರ್ಪು ಎರಡು ಮಾತು ಹೇಳಿತು. ಮನುಷ್ಯರು ಕಟ್ಟಿದ ಕೆರೆಯಾದ್ದರಿಂದ ಇದು ಕಾನೂನು ಹೇಳುವ ಜೌಗುಭೂಮಿ ಅಲ್ಲ. ಆದರೆ ಸಾರ್ವಜನಿಕ ನ್ಯಾಸದ ತತ್ವ ಮನುಷ್ಯರು ಕಟ್ಟಿದ ಕೆರೆಗೂ ಸಲ್ಲುತ್ತದೆ.

ಫುಟಾಳಾದ ಗ್ಯಾಲರಿಯಲ್ಲಿ ಕೂರುವ ಸಾಲುಗಳಿವೆ. ಜನ ಮಾತ್ರ ಸಂಜೆಯಾದರೆ ಈಗಲೂ ರಸ್ತೆಬದಿಯ ಕಟ್ಟೆ ಹತ್ತಿ, ನೀರಿನ ಕಡೆ ಮುಖ ಮಾಡಿ, ಸುಟ್ಟ ಜೋಳದ ತೆನೆಗೆ ಉಪ್ಪು ನಿಂಬೆ ಉಜ್ಜಿಸಿಕೊಂಡು ತಿನ್ನುತ್ತಾರೆ. ಪಕ್ಕದಲ್ಲಿ ಜಾಗ ಬೇಕೆಂದರೆ ಸರಿಯಿರಿ ಎಂದರಾಯಿತು, ಸರಿಯುತ್ತಾರೆ.